ರೈಲು ಚಾಲಕರ ಮನೆಯಲ್ಲಿ ಹಗಲೇ ರಾತ್ರಿ

"ನಿಮ್ಮ ಯಜಮಾನ್ರು ಏನು ಮಾಡ್ತಾರ?" ಎಂದು ಯಾರಾದರೂ ಕೇಳಿದಾಗ "ಪೈಲಟ್ ಇದ್ದಾರ್ರಿ" ಎಂದು ಹೇಳಿ ನೋಡಬೇಕು. ಕೇಳಿದವರ ಕಣ್ಣು ತಟ್ಟನೆ ಆಕಾಶಕ್ಕೆ ಹೋಗುತ್ತದೆ. "ಹೌದೇನ್ರೀ! ಹಂಗಾದ್ರ ನೀವೂ ವಿಮಾನದಾಗ ಅಡ್ಡಾಡಿರಬೇಕು!" ಎನ್ನುತ್ತಾರೆ. "ಲೋಕೋ ಪೈಲಟ್ ರೀ, ರೈಲ್ವೆ ಇಂಜಿನ್ ನಡಸ್ತಾರ" ಎಂದು ಬಿಡಿಸಿ ಹೇಳಿದ ಮೇಲೆ "ಓ, ಡ್ರೈವರಾ?" ಎಂದು ಸುಮ್ಮನಾಗುತ್ತಾರೆ. ಮೊದಲು ಡ್ರೈವರ್ ಎಂದೇ ಕರೆಯುತ್ತಿದ್ದರು. ಈಗ ರೈಲ್ವೆಯ ಕಾಗದಪತ್ರದಲ್ಲೆಲ್ಲ ಲೋಕೋ ಪೈಲಟ್. ಹೆಸರು ಬದಲಾಗಿದೆ, ಆದರೆ ಮನೆಯಲ್ಲಿ ಕಾಯುತ್ತ ಕೂಡುವ ಹೆಣ್ಣುಮಗಳ ದಿನಚರಿ ಅಷ್ಟೇನೂ ಬದಲಾಗಿಲ್ಲ. ಆ ದಿನಚರಿಯ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ನನ್ನ ತವರು ನವಲಗುಂದ ತಾಲೂಕಿನ ಒಂದು ಹಳ್ಳಿ. ನವಲಗುಂದಕ್ಕೆ ಇವತ್ತಿಗೂ ರೈಲಿಲ್ಲ. ಸಣ್ಣವಳಿದ್ದಾಗ ರೈಲು ನೋಡಬೇಕೆಂದರೆ ಅಣ್ಣಿಗೇರಿಗೆ ಹೋಗಬೇಕಿತ್ತು. ಹುಬ್ಬಳ್ಳಿ–ಗದಗ ಹಳಿ ಹೆಬಸೂರು, ಅಣ್ಣಿಗೇರಿ, ಹುಲಕೋಟಿ ಮೇಲೆ ಹಾಯ್ದು ಹೋಗುತ್ತದೆ. ಕೊಟ್ಟ ಮನೆ ಕುಂದಗೋಳ. ಅಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಹಳಿ ಊರ ಮಗ್ಗಲಲ್ಲೇ ಇದೆ. ಮಾವನವರು ಉಗಿ ಇಂಜಿನ್ನಿನಲ್ಲಿ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ಸೇರಿದವರು. ನಮ್ಮವರು ಗೂಡ್ಸ್ ಗಾಡಿಯ ಚಾಲಕರು. ಹೀಗಾಗಿ ನಮ್ಮ ಮನೆಯಲ್ಲಿ ಎರಡು ತಲೆಮಾರಿನ ಹೆಂಗಸರು ರೈಲಿನ ದಾರಿ ಕಾದಿದ್ದೇವೆ.

ನಮ್ಮ ಭಾಗಕ್ಕೆ ಇದು ಹೊಸದೇನಲ್ಲ. ಹುಬ್ಬಳ್ಳಿಯೆಂದರೆ ಮೊದಲಿನಿಂದಲೂ ರೈಲಿನ ಊರು. ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ, 1880ರ ದಶಕದಲ್ಲೇ ಇಲ್ಲಿ ರೈಲ್ವೆ ಕಾರ್ಖಾನೆ ಬಂತು. 2003ರಲ್ಲಿ ನೈರುತ್ಯ ರೈಲ್ವೆಗೆ ಹುಬ್ಬಳ್ಳಿಯೇ ಮುಖ್ಯ ಠಾಣೆಯಾಯಿತು. 2023ರ ಮಾರ್ಚ್‌ನಲ್ಲಿ ಸಿದ್ಧಾರೂಢ ಸ್ವಾಮಿಗಳ ಹೆಸರಿನ ನಮ್ಮ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದಾಗ ಜಗತ್ತಿಗೇ ಉದ್ದದ್ದು ಎಂದು ಎಲ್ಲರೂ ಹೆಮ್ಮೆಪಟ್ಟೆವು. ಅದೇ ನಿಲ್ದಾಣದ ಆಸುಪಾಸಿನ ಕ್ವಾರ್ಟರ್ಸುಗಳಲ್ಲಿ ಮಟಮಟ ಮಧ್ಯಾಹ್ನ ಬಾಗಿಲು ಮುಚ್ಚಿ, ಕಿಟಕಿಗೆ ಬಟ್ಟೆ ಕಟ್ಟಿದ ಮನೆಗಳು ಎಷ್ಟೋ ಇವೆ. ಒಳಗೆ ಯಾರೋ ಒಬ್ಬರು ಮಲಗಿರುತ್ತಾರೆ. ಇನ್ನೊಬ್ಬರು ಆ ನಿದ್ದೆ ಕೆಡದಂತೆ ಕಾಯುತ್ತಿರುತ್ತಾರೆ.

ಕರೆ ಬಂತು

ಮೇಲ್, ಎಕ್ಸ್‌ಪ್ರೆಸ್ ಗಾಡಿಯ ಚಾಲಕರಿಗೆ ‘ಲಿಂಕ್’ ಎಂದು ಇರುತ್ತದೆ. ಯಾವ ದಿನ ಯಾವ ಗಾಡಿ ಎಂಬುದು ಮುಂಚೆಯೇ ಗೊತ್ತು. ಅವರ ಮನೆಯವರು ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಂಡು ನಿಶ್ಚಿಂತೆಯಾಗಿರಬಹುದು. ಗೂಡ್ಸ್ ಚಾಲಕರಿಗೆ ಆ ಭಾಗ್ಯವಿಲ್ಲ. ಗಾಡಿ ಯಾವಾಗ ತಯಾರಾಗುತ್ತದೆಯೋ ಆಗ ಕರೆ. ಹೊರಡಬೇಕಾದ ಸುಮಾರು ಎರಡು ತಾಸು ಮೊದಲು ತಿಳಿಸುತ್ತಾರೆ. ಅದು ನಸುಕಿನ ಮೂರು ಗಂಟೆ ಇರಬಹುದು, ಅಥವಾ ಉಣ್ಣಲು ತಾಟು ಹಾಕಿದ ಹೊತ್ತು ಇರಬಹುದು.

ಅತ್ತೆಯವರ ಕಾಲದಲ್ಲಿ ಕರೆ ತರುವವನು ಸೈಕಲ್ ಮೇಲೆ ಬರುತ್ತಿದ್ದ. ಕೈಯಲ್ಲಿ ಕಾಲ್‌ ಬುಕ್. ರಾತ್ರಿ ಬಾಗಿಲು ಬಡಿದು ಎಬ್ಬಿಸಿ, ಬುಕ್ಕಿನಲ್ಲಿ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. "ನಾಯಿ ಬೊಗಳಿದ್ರ ಸಾಕು, ನಾ ಎದ್ದು ಒಲಿ ಹೊತ್ತಸ್ತಿದ್ದೆ. ಕರಿಯಾಂವ ಅಲ್ಲಾ, ಕಳ್ಳ ಬಂದಿದ್ರೂ ಚಹಾ ಆಗಿರ್ತಿತ್ತು" ಎಂದು ಅತ್ತೆಯವರು ನಗುತ್ತಾರೆ. ಈಗ ಮೊಬೈಲ್ ಬಂದಿದೆ. ಬಾಗಿಲು ಬಡಿಯುವವರಿಲ್ಲ. ಆದರೆ ಆ ಫೋನು ತಲೆದಿಂಬಿನ ಹತ್ತಿರವೇ ಇರಬೇಕು. ಯಾರದೋ ಬೀಗರು ಸುಖದುಃಖ ಮಾತಾಡಲು ಫೋನು ಮಾಡಿದರೂ ನಮ್ಮ ಎದೆ ಒಮ್ಮೆ ಧಸಕ್ ಎನ್ನುತ್ತದೆ.

ಕರೆ ಬಂದ ಮೇಲಿನ ಆ ಎರಡು ತಾಸು ನಮ್ಮ ಪಾಲಿಗೆ ಲಗ್ನದ ಮನೆಯ ಗಡಿಬಿಡಿ. ಸ್ನಾನದ ನೀರು, ಊಟ, ಬುತ್ತಿ, ನೀರಿನ ಬಾಟಲಿ, ಕನ್ನಡಕ, ಟಾರ್ಚು. ಕನ್ನಡಕ ಇದ್ದವರು ಎರಡು ಜೊತೆ ಒಯ್ಯಬೇಕು. ಸ್ಟೇಶನ್ನಿಗೆ ಹೋಗಿ ಹಾಜರಿ ಹಾಕುವಾಗ ಯಂತ್ರದೊಳಗೆ ಬಾಯಿ ಊದಿ, ಕುಡಿದಿಲ್ಲವೆಂದು ತೋರಿಸಬೇಕು. ಕೆಲಸ ಮುಗಿಸಿ ಇಳಿದ ಮೇಲೂ ಊದಬೇಕು. ಆದ್ದರಿಂದ ನಮ್ಮ ಮನೆಯಲ್ಲಿ ಕೆಮ್ಮಿನ ಔಷಧ ತರುವಾಗಲೂ ಅಂಗಡಿಯವನಿಗೆ "ಇದರಾಗ ಆಲ್ಕೋಹಾಲ್ ಐತೇನ್ರೀ?" ಎಂದು ಕೇಳಿಯೇ ತರುತ್ತೇನೆ. ವಿಮಾನದ ಪೈಲಟ್‌ಗಳಿಗಂತೂ 2023ರಲ್ಲಿ ಬಂದ ನಿಯಮದಂತೆ ಆಲ್ಕೋಹಾಲ್ ಇರುವ ಬಾಯಿ ಮುಕ್ಕಳಿಸುವ ಔಷಧವನ್ನೂ ಬಳಸುವ ಹಾಗಿಲ್ಲ. ಹೀಗೆ ಔಷಧದ ಡಬ್ಬಿಯ ಮೇಲೆ ಕಣ್ಣಿಡುವುದು ಮನೆಯವಳ ಪಾಲಿಗೂ ಬರುತ್ತದೆ.

ಬುತ್ತಿಯ ಲೆಕ್ಕ

ಗಾಡಿ ಹೋಗಿ ಮುಟ್ಟಿದ ಊರಿನಲ್ಲಿ ಚಾಲಕರಿಗೆ ‘ರನ್ನಿಂಗ್ ರೂಮ್’ ಇರುತ್ತದೆ. ಅಲ್ಲಿ ಮಲಗಿ, ವಿಶ್ರಾಂತಿ ಪಡೆದು, ತಿರುಗಿ ಇನ್ನೊಂದು ಗಾಡಿ ತೆಗೆದುಕೊಂಡು ಬರಬೇಕು. ಹಿಂದೆ ಅಕ್ಕಿ, ಬೇಳೆ, ಖಾರ, ಎಣ್ಣೆ ಎಲ್ಲ ಮನೆಯಿಂದಲೇ ಒಯ್ದು ಅಲ್ಲಿಯ ಅಡಿಗೆಯವನ ಕೈಗೆ ಕೊಡಬೇಕಿತ್ತು. ಅತ್ತೆಯವರು ಹಳೆ ಸೀರೆಯ ಸೆರಗು ಹರಿದು ಸಣ್ಣ ಸಣ್ಣ ಚೀಲ ಹೊಲಿದು, ಒಂದೊಂದು ಹೊತ್ತಿನ ಬೇಳೆ ಅಕ್ಕಿ ಕಟ್ಟಿ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತಿದ್ದರಂತೆ. ಈಗ ರನ್ನಿಂಗ್ ರೂಮಿನಲ್ಲಿ ಕಡಿಮೆ ದುಡ್ಡಿಗೆ ಊಟ ಸಿಗುತ್ತದೆ. ಆದರೆ ಅಲ್ಲಿಗೆ ಮುಟ್ಟುವ ತನಕ? ಗೂಡ್ಸ್ ಗಾಡಿಯನ್ನು ಎಲ್ಲಿ ಬೇಕಾದರೂ ನಿಲ್ಲಿಸುತ್ತಾರೆ. ಮುಂದೆ ಎಕ್ಸ್‌ಪ್ರೆಸ್ ಬಿಡಬೇಕಾದರೆ ಯಾವುದೋ ಸಣ್ಣ ಸ್ಟೇಶನ್ನಿನ ಲೂಪಿನಲ್ಲಿ ತಾಸುಗಟ್ಟಲೆ ನಿಂತದ್ದೂ ಉಂಟು. ಅಲ್ಲಿ ಚಹಾ ಸಹ ಸಿಗುವುದಿಲ್ಲ.

ಹಾಗಾಗಿ ನಮ್ಮ ಬುತ್ತಿ ಕೆಡದಂತಿರಬೇಕು, ಒಂದೇ ಕೈಯಲ್ಲಿ ತಿನ್ನುವಂತಿರಬೇಕು, ಹೊಟ್ಟೆಗೆ ಭಾರವಾಗಬಾರದು. ರಾತ್ರಿ ಡ್ಯೂಟಿಗೆ ಅನ್ನ ಹೆಚ್ಚಾದರೆ ಕಣ್ಣು ಎಳೆಯುತ್ತದೆ. ಎಳ್ಳು ಹಚ್ಚಿದ ಖಡಕ್ ರೊಟ್ಟಿ, ಶೇಂಗಾದ ಹಿಂಡಿ, ಗುರೆಳ್ಳು ಹಿಂಡಿ ನಮ್ಮ ಮನೆಯಲ್ಲಿ ಸದಾ ತಯಾರು. ಕರೆ ಬಂದ ಹೊತ್ತಿನಲ್ಲಿ ಬೇಗ ಆಗುವುದೆಂದರೆ ದಪಾಟಿ. ಮಾಡುವ ರೀತಿ ಹೇಳುತ್ತೇನೆ.

ಎರಡು ವಾಟಿ ಜೋಳದ ಹಿಟ್ಟು, ಅರ್ಧ ವಾಟಿ ಗೋಧಿ ಹಿಟ್ಟು, ಅರ್ಧ ವಾಟಿ ಕಡಲೆ ಹಿಟ್ಟು ಕೂಡಿಸಿರಿ. ನಾಲ್ಕು ಹಸಿಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ ಕುಟ್ಟಿ ಹಾಕಿರಿ. ಒಂದು ಚಮಚ ಅಜವಾನ, ಎರಡು ಚಮಚ ಎಳ್ಳು, ಚಿಟಿಕೆ ಅರಿಷಿಣ, ರುಚಿಗೆ ಉಪ್ಪು, ಹೆಚ್ಚಿದ ಕರಿಬೇವು ಸೇರಿಸಿ ಬಿಸಿನೀರಿನಲ್ಲಿ ಕಲಸಿರಿ. ಒದ್ದೆ ಬಟ್ಟೆಯ ಮೇಲೆ ತಟ್ಟಿ, ಹಂಚಿನ ಮೇಲೆ ಎಣ್ಣೆ ಬಿಟ್ಟು ಎರಡೂ ಬದಿ ಬೇಯಿಸಿರಿ. ಅಂದೇ ತಿನ್ನುವುದಾದರೆ ಉಳ್ಳಾಗಡ್ಡಿ ಹಾಕಬಹುದು. ಬುತ್ತಿಗೆ ಬೇಡ, ಬೇಗ ಹಳಸುತ್ತದೆ. ಪೂರ್ತಿ ಆರಿದ ಮೇಲೆಯೇ ಕಟ್ಟಿರಿ. ಬಿಸಿ ಇದ್ದಾಗ ಡಬ್ಬಿ ಮುಚ್ಚಿದರೆ ಬೆವರಿ ಮೆತ್ತಗಾಗುತ್ತದೆ. ದೂರದ ಬಸ್ ಓಡಿಸುವವರಿಗೆ, ಹೊಲಕ್ಕೆ ಹೋಗುವವರಿಗೂ ಇದು ಒಳ್ಳೆಯ ಬುತ್ತಿ.

ನಿದ್ದೆ ಕಾಯುವ ಕೆಲಸ

ಇಡೀ ಬಾಳಿನ ತಿರುಳು ಇದರಲ್ಲಿದೆ. ಒಂದು ತುಂಬಿದ ಗೂಡ್ಸ್ ಗಾಡಿಗೆ ಐವತ್ತೆಂಟು ವ್ಯಾಗನ್ ಇರುತ್ತವೆ. ಗೋವೆಯ ಬಂದರಿನಿಂದ ಕಲ್ಲಿದ್ದಲು ಘಟ್ಟ ಹತ್ತಿ ಕ್ಯಾಸಲ್‌ರಾಕ್, ಲೋಂಡಾ, ಹುಬ್ಬಳ್ಳಿ ಮೇಲೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಆ ದೂಧಸಾಗರದ ಘಟ್ಟದಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಷ್ಟು ಏರು. ಹಿಂದಿನಿಂದ ಬೇರೆ ಇಂಜಿನ್ ಹಚ್ಚಿ ನೂಕಬೇಕು. ವೇಗವಾಗಿ ಹೋಗುವ ರೈಲಿಗೆ ಬ್ರೇಕು ಹಾಕಿದರೂ ನಿಲ್ಲುವಷ್ಟರಲ್ಲಿ ಸುಮಾರು ಒಂದು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಅಂಥದ್ದನ್ನು ನಡೆಸುವವರು ತೂಕಡಿಸಿದರೆ ಏನಾದೀತು ಎಂದು ಯಾರೂ ಹೇಳಬೇಕಾಗಿಲ್ಲ.

ಅದಕ್ಕೆಂದೇ ಇಂಜಿನ್ನಿನಲ್ಲಿ ಒಂದು ಯಂತ್ರವಿದೆ. ಚಾಲಕರು ಒಂದು ನಿಮಿಷದ ತನಕ ಯಾವ ಹಿಡಿಕೆಯನ್ನೂ ಮುಟ್ಟದಿದ್ದರೆ ದೀಪ ಮಿಣುಗುತ್ತದೆ, ಆ ಮೇಲೆ ಸದ್ದು ಮಾಡುತ್ತದೆ. ಆಗಲೂ ಗುಂಡಿ ಒತ್ತದಿದ್ದರೆ ತಾನಾಗಿಯೇ ಬ್ರೇಕು ಬೀಳುತ್ತದೆ. ಪ್ರತಿ ಸಿಗ್ನಲ್ ಬಂದಾಗಲೂ ಚಾಲಕರು ಮತ್ತು ಸಹಾಯಕರು ಒಬ್ಬರಿಗೊಬ್ಬರು ಕೈ ಮಾಡಿ ಕೂಗಿ ಹೇಳಬೇಕು. ನಮ್ಮವರು ಎಷ್ಟೋ ಸಲ ನಿದ್ದೆಯಲ್ಲೂ "ಗ್ರೀನ್" ಎಂದು ಕೂಗಿದ್ದುಂಟು. ಮೊದಮೊದಲು ಹೆದರುತ್ತಿದ್ದೆ. ಈಗ ನಾನೂ ಅರೆನಿದ್ದೆಯಲ್ಲಿ "ಗ್ರೀನ್ ಐತಿ, ಮಲಕೋರಿ" ಎನ್ನುತ್ತೇನೆ.

ಯಂತ್ರ ಎಷ್ಟೇ ಇದ್ದರೂ ನಿದ್ದೆಗೆ ನಿದ್ದೆಯೇ ಮದ್ದು. ಅದನ್ನು ಕೊಡಬೇಕಾದದ್ದು ಮನೆ. ಎಂಟು ತಾಸಿಗಿಂತ ಹೆಚ್ಚು ಕೆಲಸ ಮಾಡಿ ಮನೆಗೆ ಬಂದವರಿಗೆ ಹದಿನಾರು ತಾಸು ವಿಶ್ರಾಂತಿ ಎಂಬ ನಿಯಮವಿದೆ. ಕೇಳಲು ಬಹಳ ಅನಿಸುತ್ತದೆ. ಮುಂಜಾನೆ ಏಳಕ್ಕೆ ಬಂದವರು ಸ್ನಾನ ಮಾಡಿ, ಉಂಡು ಮಲಗುವುದರೊಳಗೆ ಒಂಬತ್ತು. ಸಂಜೆಗೆ ಮತ್ತೆ ಕರೆಯ ದಾರಿ ಕಾಯಬೇಕು. ನಡುವೆ ಬ್ಯಾಂಕು, ಮಕ್ಕಳ ಶಾಲೆ, ಅತ್ತೆಯ ಔಷಧ. ಎಲ್ಲ ಕಳೆದು ಐದಾರು ತಾಸು ಉಳಿದರೆ ಪುಣ್ಯ. ಅದೂ ಊರೆಲ್ಲ ಎದ್ದಿರುವ ಹೊತ್ತಿನಲ್ಲಿ!

ನನ್ನ ತವರಿನವರು ಲಗ್ನದಲ್ಲಿ ಒಂದು ನವಲಗುಂದದ ಜಮಖಾನೆ ಕೊಟ್ಟಿದ್ದರು. ಹೆಣ್ಣುಮಕ್ಕಳೇ ಮನೆಯಲ್ಲಿ ಕೂತು ನೇಯುವ ಆ ಜಮಖಾನೆಗೆ 2011ರಲ್ಲಿ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಜನ ಅದನ್ನು ಹಾಸಿಗೆ ಮಾಡಿಕೊಳ್ಳುತ್ತಾರೆ. ನಾನು ಕಿಟಕಿಗೆ ಕಟ್ಟಿದೆ. ದಪ್ಪ ನೂಲಿನ ನೇಯ್ಗೆ. ಬಿಸಿಲೂ ಬರುವುದಿಲ್ಲ, ಬೀದಿಯ ಗದ್ದಲವೂ ಕಡಿಮೆಯಾಗುತ್ತದೆ. ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿದ್ದೇನೆ. ಒಂಬತ್ತರಿಂದ ಮೂರರವರೆಗೆ ಕುಕ್ಕರ್ ಸೀಟಿ ಇಲ್ಲ, ಮಿಕ್ಸರ್ ಇಲ್ಲ. ರುಬ್ಬುವುದಿದ್ದರೆ ಹಿಂದಿನ ದಿನವೇ ಆಗಬೇಕು. ನನ್ನ ಮಕ್ಕಳು ತೊದಲುನುಡಿಯಲ್ಲಿ ಕಲಿತ ಮಾತುಗಳಲ್ಲಿ "ಅಪ್ಪ ಮಲಗ್ಯಾನ" ಎಂಬುದೂ ಒಂದು. ಬಾಯಿ ಮೇಲೆ ಬೆರಳಿಟ್ಟುಕೊಂಡು ಆಡುವುದನ್ನು ಕಲಿತ ಮಕ್ಕಳವು. ನೋಡಿದರೆ ನಗುವೂ ಬರುತ್ತಿತ್ತು, ಕರುಳೂ ಚುರುಕ್ ಎನ್ನುತ್ತಿತ್ತು.

ವಿಮಾನದ ಪೈಲಟ್‌ಗಳ ಮನೆಯಲ್ಲೂ ಇದೇ ಪ್ರಶ್ನೆ. ಅವರ ದಣಿವಿನ ಬಗ್ಗೆ ಬಹಳ ವಾದವಿವಾದವಾಗಿ, ವಾರಕ್ಕೊಮ್ಮೆ ಸಿಗುವ ವಿಶ್ರಾಂತಿಯನ್ನು 36 ತಾಸಿನಿಂದ 48 ತಾಸಿಗೆ ಏರಿಸುವ ನಿಯಮ 2024ರಲ್ಲಿ ಪ್ರಕಟವಾಗಿ 2025ರಲ್ಲಿ ಜಾರಿಗೆ ಬಂತು. ಆ ವರ್ಷದ ಡಿಸೆಂಬರ್‌ನಲ್ಲಿ ಹೊಸ ನಿಯಮಕ್ಕೆ ಸಾಲುವಷ್ಟು ಪೈಲಟ್‌ಗಳ ಹೊಂದಾಣಿಕೆಯಾಗದೆ ದೇಶದಲ್ಲಿ ಸಾವಿರಾರು ವಿಮಾನಗಳು ರದ್ದಾದದ್ದು ನಿಮಗೆ ನೆನಪಿರಬಹುದು. ಜನ ನಿಲ್ದಾಣಗಳಲ್ಲಿ ಮಲಗಿದರು. ಪ್ರಯಾಣಿಕರ ಸಂಕಟ ದೊಡ್ಡದೇ. ಆದರೆ ಒಬ್ಬ ಚಾಲಕನ ನಿದ್ದೆಗೆ ಎಷ್ಟು ಬೆಲೆ ಎಂಬುದು ಅಂದು ಎಲ್ಲರಿಗೂ ಕಂಡಿತು. ರೈಲಿನ ಚಾಲಕರು ಕೇಳುತ್ತಿರುವುದೂ ಅಂಥದ್ದೇ. ದಿನದ ಹದಿನಾರು ತಾಸಿನ ಮೇಲೆ ವಾರದ ಮೂವತ್ತು ತಾಸು ಬೇರೆಯಾಗಿ, ಒಟ್ಟು 46 ತಾಸು ವಿಶ್ರಾಂತಿ ಬೇಕೆಂದು 2024ರ ಜೂನ್‌ನಲ್ಲಿ ದಕ್ಷಿಣ ರೈಲ್ವೆಯ ಚಾಲಕರು ಹೋರಾಟ ಮಾಡಿದರು. ಮನೆಯಲ್ಲಿರುವ ನಮಗೆ ಆ ಲೆಕ್ಕ ಬೇಗ ತಿಳಿಯುತ್ತದೆ. ಯಾಕೆಂದರೆ ಆ ತಾಸುಗಳನ್ನು ಒಂದೊಂದಾಗಿ ಎಣಿಸುವವರು ನಾವು.

ಗಾಡಿ ಬಂದ ದಿನ ಪಂಚಮಿ

ಹಬ್ಬವೆಂದು ರೈಲು ನಿಲ್ಲುವುದಿಲ್ಲ. ಹಬ್ಬಕ್ಕೇ ಗಾಡಿ ಹೆಚ್ಚು. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವ ರೂಢಿ. ಉಂಡಿ, ಜೋಕಾಲಿ, ಅಕ್ಕತಂಗಿಯರ ಹರಟೆ. ಲಗ್ನವಾದ ಹೊಸದರಲ್ಲಿ ಪಂಚಮಿಗೆ ಹೋಗಲಾಗದೆ ಅತ್ತಿದ್ದೇನೆ. ಅತ್ತೆಯವರು ಅಂದು ಒಂದು ಮಾತು ಹೇಳಿದರು: "ತಂಗೀ, ನಮ್ಮ ಮನ್ಯಾಗ ಗಾಡಿ ಬಂದ ದಿನಾನ ಪಂಚಮಿ. ಪಂಚಾಂಗದ ಮ್ಯಾಲೆ ಸಿಟ್ಟು ಮಾಡಬ್ಯಾಡ." ಅಂದಿನಿಂದ ಅದೇ ರೂಢಿಯಾಯಿತು. ಪೂಜೆ ತಿಥಿಯ ಪ್ರಕಾರ, ಸಿಹಿ ಊಟ ಅವರು ಬಂದ ದಿನ. ಎಳ್ಳಮಾಸಿಗೆ ಕುಂದಗೋಳದ ಹೊಲಕ್ಕೆ ಚರಗ ಚೆಲ್ಲಲು ಮೈದುನರು ಹೋಗುತ್ತಾರೆ. ಬನ್ನಿ ಕೊಡುವುದು ಎಷ್ಟೋ ಸಲ ಸ್ಟೇಶನ್ನಿನಲ್ಲೇ ಆಗಿದೆ. ಮಗಳ ನಾಮಕರಣದ ದಿನ ಅವರಿಗೆ ಕರೆ ಬಂತು. ತೊಟ್ಟಿಲಲ್ಲಿ ಹಾಕಿ ಹೆಸರು ಕೂಗುವಷ್ಟರಲ್ಲಿ ಅವರ ಗಾಡಿ ಘಟ್ಟದಲ್ಲಿತ್ತು.

ಇದು ರೈಲಿನವರ ಮನೆಯ ಪಾಡು ಮಾತ್ರವಲ್ಲ. ಕಲಘಟಗಿ, ನವಲಗುಂದದ ಕಡೆ ವಸ್ತಿ ಬಸ್ಸು ಓಡಿಸುವವರ ಹೆಂಡಂದಿರಿಗೆ ಇದೆಲ್ಲ ಗೊತ್ತು. ಗಂಡ ಯಾವುದೋ ಹಳ್ಳಿಯ ಗುಡಿಯ ಕಟ್ಟೆಯ ಹತ್ತಿರ ಬಸ್ಸು ನಿಲ್ಲಿಸಿ ಅಲ್ಲೇ ಮಲಗಿರುತ್ತಾನೆ. ಇತ್ತ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಹೋಗುವವಳು ಹೆಂಡತಿ.

ಮಾತಾಡದ ದಿನಗಳು

ಬರೆಯಲೋ ಬೇಡವೋ ಎಂದು ಯೋಚಿಸಿ ಇದನ್ನು ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ದಿನ ಅವರು ಬಂದವರೇ ಬಹಳ ಹೊತ್ತು ಬಚ್ಚಲಲ್ಲೇ ನಿಂತರು. ನೀರು ಸುರಿಯುವ ಸದ್ದು ನಿಲ್ಲಲೇ ಇಲ್ಲ. ಹೊರಬಂದು ಊಟ ಬೇಡವೆಂದರು. ಮಲಗಿದರು, ಆದರೆ ಕಣ್ಣು ಮುಚ್ಚಲಿಲ್ಲ. ಏನಾಯಿತೆಂದು ನಾನು ಕೇಳಲಿಲ್ಲ. ಎರಡನೆಯ ದಿನ ಮಕ್ಕಳನ್ನು ಅತ್ತೆಯ ಹತ್ತಿರ ಕುಂದಗೋಳಕ್ಕೆ ಕಳಿಸಿದೆ. ಮೂರನೆಯ ರಾತ್ರಿ ಅವರೇ ಹೇಳಿದರು. ಒಬ್ಬ ಹೆಣ್ಣುಮಗಳು ಹಳಿಗೆ ಬಂದಿದ್ದಳು. "ಸೀಟಿ ಹೊಡದೆ, ಬ್ರೇಕ್ ಹಾಕಿದೆ. ಗಾಡಿ ನಿಲ್ಲಲಿಲ್ಲ. ಆಕಿ ನನ್ನ ಕಡೆ ನೋಡಿದ್ಲು" ಎಂದರು. ಅಷ್ಟೇ ಮಾತು. ಅಂದು ಅವರು ಇಳಿದು ನೋಡಿ, ಸುದ್ದಿ ಕೊಟ್ಟು, ಮತ್ತೆ ಅದೇ ಗಾಡಿಯನ್ನು ಮುಂದಕ್ಕೆ ನಡೆಸಿಕೊಂಡು ಬಂದಿದ್ದರು.

ಚಾಲಕರ ತಪ್ಪು ಅದರಲ್ಲಿ ಏನೂ ಇಲ್ಲ. ಎದುರಿಗೆ ಕಂಡದ್ದನ್ನು ತಪ್ಪಿಸಲು ರೈಲು ಪಕ್ಕಕ್ಕೆ ಹೊರಳುವುದಿಲ್ಲ. ಬುದ್ಧಿಗೆ ಇದು ತಿಳಿಯುತ್ತದೆ, ಮನಸ್ಸಿಗೆ ತಿಳಿಯುವುದಿಲ್ಲ. ಇಂಥ ಹೊತ್ತಿನಲ್ಲಿ ಹೆಂಡತಿಯಾದವಳು ಏನು ಮಾಡಬೇಕು? ನನ್ನ ಅನುಭವದ ಮಾತು: ಕೆದಕಬಾರದು, ಒಬ್ಬರನ್ನೇ ಬಿಡಲೂಬಾರದು. ಹತ್ತಿರ ಕೂತಿರಬೇಕು. ಹೇಳಿಕೊಂಡಾಗ ಪೂರ್ತಿ ಕೇಳಬೇಕು. "ಅದನ್ನ ಮರತುಬಿಡ್ರಿ" ಎನ್ನಬಾರದು. ನಾಲ್ಕಾರು ದಿನವಾದರೂ ನಿದ್ದೆ ಬರದಿದ್ದರೆ ವೈದ್ಯರಿಗೆ ತೋರಿಸಬೇಕು. ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆ ನಮ್ಮ ಹತ್ತಿರವೇ ಇದೆ. ಅಲ್ಲಿಗೆ ಹೋದರೆ ಹುಚ್ಚರೆನ್ನುತ್ತಾರೆ ಎಂಬ ಅಂಜಿಕೆ ಬೇಡ. ಜ್ವರಕ್ಕೆ ಹೋದಂತೆಯೇ ಇದೂ.

ಆ ಹೆಣ್ಣುಮಗಳನ್ನೂ ನಾನು ಮರೆತಿಲ್ಲ. ಅವಳ ಮನೆಯಲ್ಲಿ ಏನಿತ್ತೋ ಏನೋ. ಓದುತ್ತಿರುವ ಯಾರಿಗಾದರೂ ಬಾಳು ಸಾಕೆನಿಸಿದ್ದರೆ ದಯವಿಟ್ಟು ಒಬ್ಬರ ಮುಂದಾದರೂ ಬಾಯಿಬಿಟ್ಟು ಹೇಳಿರಿ. 14416 ಎಂಬ ‘ಟೆಲಿ ಮನಸ್’ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಫೋನು ಮಾಡಿದರೂ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ.

ಇನ್ನು ದೊಡ್ಡ ಅಪಘಾತದ ಸುದ್ದಿ ಟಿವಿಯಲ್ಲಿ ಬಂದ ದಿನ ನಮ್ಮ ಕ್ವಾರ್ಟರ್ಸಿನ ಯಾವ ಮನೆಯಲ್ಲೂ ಒಲೆ ಸರಿಯಾಗಿ ಉರಿಯುವುದಿಲ್ಲ. 2024ರ ಜೂನ್ 17ರಂದು ಪಶ್ಚಿಮ ಬಂಗಾಳದಲ್ಲಿ ಒಂದು ಗೂಡ್ಸ್ ಗಾಡಿ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಬಡಿಯಿತು. ಗೂಡ್ಸ್ ಚಾಲಕರು ತೀರಿಕೊಂಡರು. ಅದೇ ದಿನ ತಪ್ಪು ಅವರದೆಂಬ ಮಾತು ಹೊರಬಿತ್ತು. ಆ ಮೇಲೆ ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯಲ್ಲಿ, ಸಿಗ್ನಲ್ ಕೆಟ್ಟಾಗ ಕೊಡುವ ಅನುಮತಿ ಚೀಟಿಯಲ್ಲೂ ಸಿಬ್ಬಂದಿಗೆ ಕೊಟ್ಟ ತಿಳಿವಳಿಕೆಯಲ್ಲೂ ಲೋಪಗಳಿದ್ದವೆಂದು ಕಂಡುಬಂತು. ಆ ನಡುವಿನ ದಿನಗಳನ್ನು ಆ ಮನೆಯವರು ಹೇಗೆ ಕಳೆದರೋ! ಸತ್ತವರು ಬಂದು ತಮ್ಮ ಮಾತು ಹೇಳಲಾರರು. ಆದ್ದರಿಂದ ಅಪಘಾತವಾದ ಗಳಿಗೆಗೇ "ಡ್ರೈವರ್ ಮಲಗಿದ್ದ" ಎಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಡಬೇಡಿರೆಂದು ನನ್ನ ಬೇಡಿಕೆ.

ಸಂಬಳ ಮತ್ತು ಕಣ್ಣು

ರೈಲು ಚಾಲಕರ ಪಗಾರ ಚೆನ್ನಾಗಿದೆ, ಸುಳ್ಳೇಕೆ ಹೇಳಲಿ? ಮೂಲ ಪಗಾರದ ಮೇಲೆ ಓಡಿಸಿದ ಕಿಲೋಮೀಟರಿಗೆ ತಕ್ಕಂತೆ ಭತ್ತೆ ಬರುತ್ತದೆ. ಆದರೆ ಆ ಕಿಲೋಮೀಟರ್ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳಿಲ್ಲ. ರಜೆ ಹಾಕಿದರೆ, ಜಡ್ಡು ಬಿದ್ದರೆ ಕೈಗೆ ಬರುವುದು ಕಡಿಮೆ. ಮನೆಖರ್ಚು, ಶಾಲೆಯ ಫೀ, ಸಾಲದ ಕಂತು ಎಲ್ಲವೂ ಮೂಲ ಪಗಾರದಲ್ಲೇ ಮುಗಿಯಬೇಕು, ಕಿಲೋಮೀಟರಿನ ದುಡ್ಡು ಉಳಿತಾಯಕ್ಕೆ ಎಂದು ಅತ್ತೆಯವರು ಕಲಿಸಿದ ಪಾಠ. ಅದನ್ನೇ ಪಾಲಿಸಿದ್ದೇನೆ.

ಈ ಕೆಲಸ ನಿಂತಿರುವುದು ಕಣ್ಣಿನ ಮೇಲೆ. ಬಣ್ಣ ಗುರುತಿಸುವ ಶಕ್ತಿ ಪೂರ್ತಿ ಇರಬೇಕು. ನಲವತ್ತೈದರವರೆಗೆ ನಾಲ್ಕು ವರ್ಷಕ್ಕೊಮ್ಮೆ, ಐವತ್ತೈದರವರೆಗೆ ಎರಡು ವರ್ಷಕ್ಕೊಮ್ಮೆ, ಆ ಮೇಲೆ ಪ್ರತಿ ವರ್ಷ ವೈದ್ಯಕೀಯ ತಪಾಸಣೆ. ಅದರಲ್ಲಿ ಪಾಸಾಗದಿದ್ದರೆ ಇಂಜಿನ್ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಕು. ಹೊತ್ತಲ್ಲದ ಹೊತ್ತಿನ ಊಟ, ಕೆಟ್ಟ ನಿದ್ದೆಗಳಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬೇಗ ಬರುತ್ತವೆ. ಹಾಗಾಗಿ ಉಪ್ಪು, ಸಕ್ಕರೆ, ಎಣ್ಣೆಯ ಮೇಲೆ ನನ್ನ ಕೈ ಬಿಗಿ.

ಅವಳ ನಿದ್ದೆ

ರೈಲ್ವೆಯವರು ಆಗಾಗ ಚಾಲಕರ ಮನೆಯವರನ್ನು ಕರೆದು ಸಭೆ ಮಾಡುತ್ತಾರೆ. ಮನೆಯಲ್ಲಿ ಶಾಂತಿ ಇರಲಿ, ಜಗಳ ಬೇಡ, ಚೆನ್ನಾಗಿ ನಿದ್ದೆ ಮಾಡಲು ಬಿಡಿರಿ ಎಂದು ತಿಳಿಸಿ ಹೇಳುತ್ತಾರೆ. ಒಳ್ಳೆಯ ಮಾತೇ. ಇಂಥ ಒಂದು ಸಭೆಯಲ್ಲಿ ಹಿರಿಯಳೊಬ್ಬಳು ಎದ್ದು ನಿಂತು "ಸಾಹೇಬ್ರ, ಅವರ ನಿದ್ದಿ ನಾವು ಕಾಯ್ತೀವಿ. ನಮ್ಮ ನಿದ್ದಿ ಕಾಯೋರು ಯಾರ್ರೀ?" ಎಂದಳು. ಎಲ್ಲರೂ ನಕ್ಕರು. ಆದರೆ ನಕ್ಕ ಹೆಂಗಸರ ಕಣ್ಣ ಕೆಳಗೆಲ್ಲ ಕಪ್ಪು ಇತ್ತು.

ಅವಳ ಪ್ರಶ್ನೆ ಸರಿಯಾದದ್ದು. ನಸುಕಿನ ಮೂರಕ್ಕೆ ಎದ್ದು ಬುತ್ತಿ ಕಟ್ಟಿದವಳು ಆರಕ್ಕೆ ಮಕ್ಕಳನ್ನು ಎಬ್ಬಿಸಬೇಕು. ಮಧ್ಯಾಹ್ನ ಕಣ್ಣು ಮುಚ್ಚಿದರೆ ಯಾರೋ ಬಾಗಿಲು ಬಡಿದಾರೆಂಬ ಭಯ. ರಾತ್ರಿ ಅವರು ಗಾಡಿಯಲ್ಲಿದ್ದರೆ ಇವಳಿಗೆ ಅರ್ಧ ನಿದ್ದೆ. ಹೀಗೆ ಇಪ್ಪತ್ತು ವರ್ಷ ಕಳೆದರೆ ಮೈ ಏನಾದೀತು? ನಮ್ಮ ಅತ್ತೆಯಂಥವರು ಅದನ್ನು ಹಣೆಬರಹವೆಂದು ನುಂಗಿಕೊಂಡರು. ನಾವು ನುಂಗಬೇಕಾಗಿಲ್ಲ. ನಮ್ಮ ಸಾಲಿನ ನಾಲ್ಕು ಮನೆಯವರು ಕೂಡಿ ಮಾಡಿಕೊಂಡ ಕೆಲವು ಏರ್ಪಾಡು ಹೇಳುತ್ತೇನೆ.

ಒಬ್ಬರ ಮನೆಗೆ ನಸುಕಿನಲ್ಲಿ ಕರೆ ಬಂದಿದ್ದರೆ ಅಂದು ಅವರ ಮಕ್ಕಳನ್ನು ಶಾಲೆಗೆ ಕಳಿಸುವುದು ಮಗ್ಗಲ ಮನೆಯವರ ಕೆಲಸ. ಆಕೆ ಎಂಟರವರೆಗೆ ಮಲಗಬಹುದು.

ಗಂಡ ಮಲಗಿದಾಗ ಹೆಂಡತಿಯೂ ಒಂದು ತಾಸು ಮಲಗಬೇಕು. ಆ ಹೊತ್ತಿನಲ್ಲಿ ಪಾತ್ರೆ ಬಿದ್ದಿದ್ದರೆ ಬಿದ್ದಿರಲಿ.

ಬುತ್ತಿಯ ಅರ್ಧ ತಯಾರಿ ಯಾವಾಗಲೂ ಮುಗಿದಿರಬೇಕು. ಹಿಂಡಿ, ರೊಟ್ಟಿ ಇದ್ದರೆ ಅರ್ಧ ತಾಸಿನಲ್ಲಿ ಡಬ್ಬಿ ಕಟ್ಟಬಹುದು.

ಗಂಡಸರು ಮನೆಯಲ್ಲಿ ಎದ್ದಿರುವಾಗ ಚಹಾ, ಅನ್ನ ತಾವೇ ಮಾಡಿಕೊಳ್ಳಲು ಕಲಿಯಬೇಕು. ಇಂಜಿನ್ನಿನ ಇಷ್ಟೊಂದು ಗುಂಡಿ ಗೊತ್ತಿದ್ದವರಿಗೆ ಗ್ಯಾಸಿನ ಒಂದು ಗುಂಡಿ ತಿಳಿಯದೇ?

ಬ್ಯಾಂಕು, ಆಸ್ಪತ್ರೆಯ ಕಾರ್ಡು, ಗ್ಯಾಸು, ಕರೆಂಟು, ಮಕ್ಕಳ ಮಾಸ್ತರರ ಫೋನ್ ನಂಬರು ಎಲ್ಲವೂ ಹೆಂಡತಿಗೆ ಗೊತ್ತಿರಬೇಕು. ಅವರು ಬಂದ ಮೇಲೆ ನೋಡೋಣ ಎಂದು ಕೂತರೆ ಅವರ ವಿಶ್ರಾಂತಿಯ ಹೊತ್ತೆಲ್ಲ ಓಡಾಟಕ್ಕೇ ಹೋಗುತ್ತದೆ.

ಕರೆ ಬಂದ ಗಳಿಗೆಯಲ್ಲಿ ಜಗಳದ ಮಾತು ಎತ್ತಬೇಡಿರಿ. ಆದರೆ ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗಲೂ ಬೇಡಿರಿ. ವಾರದ ವಿಶ್ರಾಂತಿಯ ದಿನ ನಿದ್ದೆ ಮುಗಿಸಿ ಎದ್ದ ಮೇಲೆ ಕೂತು ಮಾತಾಡಿ ಬಗೆಹರಿಸಿಕೊಳ್ಳಿರಿ.

ಮಗಳನ್ನು ಕೊಡಬಹುದೇ?

ಕುಂದಗೋಳಕ್ಕೆ ಹೋದಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ವೈನಿ, ರೈಲ್ವೆ ಹುಡುಗನ್ನ ನೋಡೇವಿ. ಕೊಡಬಹುದೇನ್ರೀ?" ಕೊಡಬಹುದು. ಆದರೆ ಹುಡುಗಿಗೆ ಮೊದಲೇ ಎಲ್ಲ ಬಿಡಿಸಿ ಹೇಳಿರಿ. ಒಬ್ಬಳೇ ಇರಲು ಬರುತ್ತದೆಯೇ, ಒಬ್ಬಳೇ ನಿರ್ಧಾರ ಮಾಡಲು ಬರುತ್ತದೆಯೇ ಎಂದು ಅವಳನ್ನೇ ಕೇಳಿರಿ. ಹುಡುಗನಿಗೂ ಒಂದು ಮಾತು ಕೇಳಿರಿ: ಮನೆಯಲ್ಲಿದ್ದ ದಿನ ಹೆಂಡತಿಗೆ ಒಂದು ರಾತ್ರಿಯ ಪೂರ್ತಿ ನಿದ್ದೆ ಕೊಡುತ್ತೀಯಾ?

ಈಗ ಮಗಳೇ ಪೈಲಟ್ ಆಗಲೂಬಹುದು. ಸಾತಾರಾ ಕಡೆಯ ಸುರೇಖಾ ಯಾದವ್ ಅವರು 1980ರ ದಶಕದ ಕೊನೆಯಲ್ಲಿ ರೈಲ್ವೆ ಸೇರಿ ದೇಶದ ಮೊದಲ ಮಹಿಳಾ ರೈಲು ಚಾಲಕಿಯಾದರು. 2023ರ ಮಾರ್ಚ್‌ನಲ್ಲಿ ಸೋಲಾಪುರದಿಂದ ಮುಂಬಯಿಗೆ ವಂದೇ ಭಾರತ್ ಓಡಿಸಿ, 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತರಾದರು. ನಮ್ಮ ನೈರುತ್ಯ ರೈಲ್ವೆಯಲ್ಲೂ ಚಾಲಕಿಯರಿದ್ದಾರೆ. ಅವರು ರಾತ್ರಿ ಡ್ಯೂಟಿ ಮುಗಿಸಿ ಬಂದು ಮಲಗಿದಾಗ ಕಿಟಕಿಗೆ ಬಟ್ಟೆ ಕಟ್ಟಿ, ಕುಕ್ಕರ್ ಸೀಟಿ ನಿಲ್ಲಿಸುವವರು ಯಾರು? ಗಂಡಂದಿರು ಕಲಿಯಬೇಕಾದ ಪಾಠವಿದು. ಕಲಿಯುತ್ತಾರೆಂಬ ನಂಬಿಕೆ ನನಗಿದೆ.

ನನ್ನ ಮಗಳು ಒಮ್ಮೆ "ಅವ್ವಾ, ನಾನೂ ಇಂಜಿನ್ ನಡಸ್ತೇನಿ" ಎಂದಳು. "ನಡಸು, ಆದ್ರ ಬುತ್ತಿ ಕಟ್ಟಾಂವನ್ನ ನೋಡಿ ಮದುವಿ ಆಗು" ಎಂದೆ. ಅತ್ತೆಯವರು ಬಾಯಿತುಂಬ ನಕ್ಕರು.

ಸೋದರಿಯರೇ, ನಿಮ್ಮ ಓಣಿಯಲ್ಲೂ ಹಗಲು ಬಾಗಿಲು ಮುಚ್ಚಿರುವ ಮನೆ ಒಂದಾದರೂ ಇದ್ದೀತು. ಬಸ್ಸಿನವರೋ, ದವಾಖಾನೆಯ ನರ್ಸೋ, ರಾತ್ರಿ ಪೊಲೀಸರೋ. ಮಧ್ಯಾಹ್ನದ ಹೊತ್ತು ಅಲ್ಲಿ ಟಿವಿಯ ಸದ್ದು ಸ್ವಲ್ಪ ಕಡಿಮೆ ಮಾಡಿರಿ, ಮಕ್ಕಳನ್ನು ಬೇರೆ ಕಡೆ ಆಡಲು ಕಳಿಸಿರಿ. ಆ ಮನೆಯ ಹೆಣ್ಣುಮಗಳಿಗೆ "ನೀನೂ ಒಂದು ತಾಸು ಮಲಗವ್ವಾ, ಕೂಸಿನ್ನ ನಾ ನೋಡ್ಕೋತೇನಿ" ಎಂದು ಹೇಳಿ ನೋಡಿರಿ. ಇದಕ್ಕೆ ದುಡ್ಡು ಖರ್ಚಿಲ್ಲ. ಆ ಮನೆಯವರು ನಡೆಸುವ ಗಾಡಿಯಲ್ಲಿ ನಾಳೆ ನಿಮ್ಮ ಮಗನೋ ಮಗಳೋ ಊರಿಗೆ ಬರುವವರಿರಬಹುದು.